ಲಾಭ, ಎರಡು, ಮೂರು

ತಿರ್ಲಾಪುರದಲ್ಲಿ ದುಂಡವ್ವನ ಕೈ ಅಂದರೆ ಒಂದು ಕಾಲಕ್ಕೆ ಹೆಸರಾಗಿತ್ತು. ಎತ್ತಿನ ಕೂರಿಗೆಯಿಂದ ಬಿತ್ತುತ್ತಿದ್ದ ದಿನಗಳವು. ಮುಂದೆ ಎತ್ತು, ಅದರ ಹಿಂದೆ ಕೂರಿಗೆ ಹಿಡಿದ ಗಂಡಸು, ಅವನ ಬಾಜು ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಂಗಸು. ಕೂರಿಗೆಯ ಮೇಲೆ ಕಟ್ಟಿಗೆಯದೊಂದು ಬಟ್ಟಲು, ಬಟ್ಟಲಿಗೆ ತೂತು, ತೂತಿನಿಂದ ನೆಲದವರೆಗೆ ಬಿದಿರಿನ ಕೊಳವೆ. ನಡೆಯುತ್ತ ನಡೆಯುತ್ತಲೇ ಆ ಹೆಂಗಸು ಮುಷ್ಟಿಯಿಂದ ಬಟ್ಟಲಿಗೆ ಬೀಜ ಬಿಡಬೇಕು. ಕೈ ಸಡಿಲಾದರೆ ಬೆಳೆ ಒತ್ತಾಗುತ್ತದೆ, ಬಿಗಿಯಾದರೆ ಸಾಲು ಬೋಳಾಗುತ್ತದೆ. ಯಾವ ತಪ್ಪೂ ಆ ಹೊತ್ತಿಗೆ ಕಾಣುವುದಿಲ್ಲ. ಎಂಟು ದಿನ ಬಿಟ್ಟು ಮೊಳಕೆ ಎದ್ದ ಮೇಲೆ ಊರೆಲ್ಲ ನೋಡುತ್ತದೆ.

ಮೂವತ್ತೆರಡು ಹಿಂಗಾರಿ ದುಂಡವ್ವ ಹೀಗೆ ಬೀಜ ಬಿಟ್ಟಳು. ತನ್ನ ಹೊಲಕ್ಕಿಂತ ಮಂದಿಯ ಹೊಲಕ್ಕೇ ಹೆಚ್ಚು. ಆಮೇಲೆ ಟ್ರ್ಯಾಕ್ಟರ್ ಬಂದವು, ಎತ್ತು ಹೋದವು, ಹನ್ನೆರಡು ವರ್ಷದ ಹಿಂದೆ ಗಂಡನೂ ಹೋದ. ಕೂರಿಗೆಯ ಬಟ್ಟಲು ಅಡಿಗೆಮನೆಯ ಮೊಳೆಗೆ ಬಂತು. ಸೊಸೆ ಅದರಲ್ಲಿ ಬೆಳ್ಳುಳ್ಳಿ ಹಾಕಿಟ್ಟಳು. ದುಂಡವ್ವ ಬೇಡ ಅನ್ನಲಿಲ್ಲ. ಬೇಡ ಅನ್ನುವ ಸ್ವಭಾವ ಅವಳದಲ್ಲ. ಮನಸ್ಸಿಗೆ ಏನಾದರೂ ಚುಚ್ಚಿದರೆ ಬಾಯಿ ಮುಚ್ಚಿಕೊಂಡು ಬಿಡುವುದು ಅವಳ ರೀತಿ. ಈ ಕಥೆಯಲ್ಲಿ ಕೆಟ್ಟದ್ದೆಲ್ಲ ಆದದ್ದು ಆ ರೀತಿಯಿಂದಲೇ.

ಓದು ಅವಳಿಗೆ ಬಾರದು. ಹೆಂಗಸರ ಸಂಘದ ಪುಸ್ತಕದಲ್ಲಿ ‘ದುಂಡವ್ವ’ ಎಂದು ಸಹಿ ಮಾಡುತ್ತಾಳೆ, ದೊಡ್ಡ ಅಕ್ಷರದ ಬಸ್ಸಿನ ಬೋರ್ಡು ಕೂಡಿಸಿ ಓದುತ್ತಾಳೆ, ಅಷ್ಟೇ. ಆದರೆ ಎಣಿಕೆ ಅಂದರೆ ಎಣಿಕೆ. ರಾಶಿಯ ಕಣದಲ್ಲಿ ಸೇರಿನಿಂದ ಕಾಳು ಅಳೆಯಲು ಮಂದಿ ಅವಳನ್ನು ಕರೆಯುತ್ತಿದ್ದರು. ನಡುವೆ ಯಾರು ಮಾತಾಡಿಸಿದರೂ ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ಹಿರಿಯರು ಕಲಿಸಿದಂತೆ ಮೊದಲನೆಯ ಸೇರಿಗೆ ‘ಒಂದು’ ಅನ್ನದೆ ‘ಲಾಭ’ ಅನ್ನುವಳು. ಲಾಭ, ಎರಡು, ಮೂರು, ನಾಕು. ಅನ್ನ ಆಗುವ ಕಾಳಿಗೆ ಒಂದೇ ಒಂದು ಅಂತ ಬಾಯಿಂದ ಅಂದರೆ ಅದು ಒಂದಕ್ಕೇ ನಿಂತೀತು ಎಂಬ ಅಂಜಿಕೆ.

ಗೋಡೆಯ ಆಚೆ ಹನಮಪ್ಪನ ಮನೆ. ಹನಮಪ್ಪ ಮಂದಿಯ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಯುವವ. ಅವನ ಮಗಳು ದುರ್ಗಾ ಅಂಬೆಗಾಲಿಡುವಾಗಿನಿಂದ ದುಂಡವ್ವನ ಒಲೆಯ ಮುಂದೆಯೇ ಬೆಳೆದವಳು. ದುಂಡವ್ವನಿಗೆ ‘ಆಯಿ’ ಅನ್ನುವಳು, ಸಲಿಗೆಯಿಂದ ‘ಬೇ’ ಅನ್ನುವಳು, ಕೇಳದೆ ರೊಟ್ಟಿಬುಟ್ಟಿಗೆ ಕೈ ಹಾಕುವಳು.

ದುರ್ಗಾ ಹತ್ತನೆಯ ತರಗತಿಯಲ್ಲಿದ್ದ ವರ್ಷ, ಶ್ರಾವಣದಲ್ಲಿ, ಒಂದು ಸಂಜೆ ಓಡಿ ಬಂದಳು.

“ಆಯಿ, ಏಳ ಬೇ. ನಮ್ಮ ಸರ್ ಕರ್ಯಾಕತ್ತಾರ ನಿನ್ನ. ಸಾಲಿಗೆ ಬಾ.”

“ಈ ವಯಸ್ಸಿನ್ಯಾಗ ನನ್ನ ಹೆಸರ ಹಚ್ಚತಾರೇನು ಸಾಲಿಗೆ?”

“ಹಚ್ಚೂದಲ್ಲ. ನೀ ಕಲಸಾಕ ಬರ್ಬೇಕು.”

ವಿಜ್ಞಾನ ಕಲಿಸುವ ಮಿಲಿಂದ ಸರ್ ಅಣ್ಣಿಗೇರಿಯವರು. ಹೈಸ್ಕೂಲಿನ ಮೂವರನ್ನು, ದುರ್ಗಾ, ಭೀಮೇಶ ಮತ್ತು ಗೌಸ್ ಇವರನ್ನು, ಕೂಡಿಸಿಕೊಂಡು ರೋಬೋಟ್ ಸ್ಪರ್ಧೆಗೆ ಒಂದು ತಂಡ ಕಟ್ಟಿದ್ದರು. ಕಡಲೆ ಬಿತ್ತುವ ಯಂತ್ರ ಅವರದು. ನಾಲ್ಕು ಗಾಲಿ, ಬ್ಯಾಟರಿ, ಮೇಲೆ ಒಂದು ಡಬ್ಬಿ. ಡಬ್ಬಿಯ ತಳದಲ್ಲಿ ತೂತು ಕೊರೆದ ತಟ್ಟೆಯೊಂದು ತಿರುಗುತ್ತದೆ. ಒಂದೊಂದು ತೂತಿನಲ್ಲಿ ಒಂದೊಂದು ಕಾಳು ಕುಳಿತು ಕೆಳಗೆ ಬೀಳುತ್ತದೆ. ಮಣೆಯಷ್ಟು ದೊಡ್ಡದಿತ್ತು ಅಷ್ಟೇ. ಊರವರು ಅದಕ್ಕೆ ‘ಗಾಡಿ’ ಅಂದರು.

“ಕಾಳಿಗೂ ಕಾಳಿಗೂ ಎಷ್ಟು ಅಂತರ ಬಿಡ್ಬೇಕು ಅನ್ನೂದು ಪುಸ್ತಕದಾಗ ಐತ್ರಿ ದುಂಡವ್ವ,” ಅಂದರು ಮಿಲಿಂದ ಸರ್. “ಆದ್ರ ಈ ಎರಿ ಮಣ್ಣಾಗ ನಿಮ್ಮ ಕೈ ಹೆಂಗ ಬಿಡತಿತ್ತು ಅನ್ನೂದು ಹುಡುಗರು ನೋಡ್ಲಿ.”

ದುಂಡವ್ವ ಶಾಲೆಯ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಐದು ಬೆರಳು ಅಡ್ಡ ಇಟ್ಟಷ್ಟು ದೂರಕ್ಕೆ ಒಂದೊಂದು ಕಾಳು ಇಟ್ಟಳು. ಗೌಸ್ ಟೇಪು ಹಿಡಿದ. ಹತ್ತು ಸೆಂಟಿಮೀಟರು. ಮತ್ತೊಮ್ಮೆ ಹಿಡಿದ. ಹತ್ತು. ಮೂರನೆಯ ಸಲ ಅವಳು ಕಣ್ಣು ಮುಚ್ಚಿ ಇಟ್ಟಳು. ಹತ್ತು.

“ಆಯಿ ಕೈಯಾಗ ಟೇಪ್ ಐತಿ ನೋಡ್ರಿ ಸರ್,” ಅಂದ ಗೌಸ್.

ಕಾಳು ಇಡುವಾಗ ಅವಳ ಬಾಯಿ ತನ್ನಷ್ಟಕ್ಕೆ ತಾನೇ ಎಣಿಸುತ್ತಿತ್ತು. ದುರ್ಗಾಗೆ ಅದು ಬಹಳ ಹಿಡಿಸಿತು. ಮೊಬೈಲಿನಲ್ಲಿ ಆ ದನಿ ಹಿಡಿದು ಗಾಡಿಗೆ ಕೂಡಿಸಿದಳು. ತಟ್ಟೆಯ ಒಂದೊಂದು ತೂತು ತಿರುಗಿ ಬಂದಂತೆಲ್ಲ ಗಾಡಿ ದುಂಡವ್ವನ ದನಿಯಲ್ಲಿ ‘ಲಾಭ, ಎರಡು, ಮೂರು’ ಎಂದು ಹತ್ತರವರೆಗೆ ಹೇಳಿ ಮತ್ತೆ ಲಾಭಕ್ಕೆ ಬರುತ್ತಿತ್ತು. ಮೊದಲ ಸಲ ಕೇಳಿದಾಗ ದುಂಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ತನ್ನ ದನಿ ಇಷ್ಟು ಒಡಕು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಹನಮಪ್ಪ ಮಾತ್ರ ಕಟ್ಟೆಯ ಮೇಲೆ ಕುಳಿತು ಚಾಷ್ಟಿ ಮಾಡಿ ನಕ್ಕ. “ನಿಮ್ಮ ಗಾಡಿ ಒಂದು ಎಕರೆ ಬಿತ್ತಿ ಮುಗಿಸೂದ್ರಾಗ ನಾ ಬಿತ್ತಿದ ಹೊಲದಾಗ ಹಸಿ ಕಡಲಿ ಸುಲಗಾಯಿ ಬಂದಿರ್ತಾವ ಲೇ.”

“ಟ್ರ್ಯಾಕ್ಟರ್ ಹೋಗದ ತುಂಡು ಹೊಲಕ್ಕ ಇದು, ಅಪ್ಪ,” ಅಂದಳು ದುರ್ಗಾ. “ನಾ ಹುಬ್ಬಳ್ಯಾಗ ಡಿಪ್ಲೊಮಾ ಮಾಡಿ ಇದನ್ನ ದೊಡ್ಡದು ಮಾಡ್ತೇನಿ.”

ಡಿಪ್ಲೊಮಾ ಎಂದಕೂಡಲೆ ಹನಮಪ್ಪನ ನಗೆ ನಿಂತಿತು. ಹಾಸ್ಟೆಲಿನಲ್ಲಿ ಮಗಳನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ. ಮಗಳು ಬಿಡಲಿಲ್ಲ. ಕೊನೆಗೆ ಒಂದು ಮಾತು ಕೊಟ್ಟ, ದುಂಡವ್ವನ ಎದುರಿಗೇ ಕೊಟ್ಟ: “ಬೆಂಗಳೂರಿನ ಸ್ಪರ್ಧಾದಾಗ ನಿನ್ನ ಗಾಡಿ ಗೆಲ್ಲಲಿ. ಹುಬ್ಬಳ್ಳಿಗೆ ನಾನ ಕರಕೊಂಡು ಹೋಗಿ ಹೆಸರ ಹಚ್ಚಿ ಬರ್ತೇನಿ. ಇಲ್ಲಾಂದ್ರ ನವಲಗುಂದ ಕಾಲೇಜು. ಮುಂಜಾನಿ ಬಸ್ಸಿಗೆ ಹೋಗೂದು, ಮಧ್ಯಾಹ್ನ ಬಸ್ಸಿಗೆ ಬರೂದು. ಆಯಿ, ನೀ ಸಾಕ್ಷಿ.”

“ಸಾಕ್ಷಿ ಇದ್ದೇನಪಾ,” ಅಂದಳು ದುಂಡವ್ವ.

ಆ ಹಿಂಗಾರಿ ದುಂಡವ್ವನ ಬಾಳಿನಲ್ಲಿ ಬೇರೆಯದೇ ಒಂದು ಹಿಂಗಾರಿ. ಸ್ಪರ್ಧೆಯಲ್ಲಿ ಯಂತ್ರಕ್ಕಷ್ಟೇ ಅಂಕವಲ್ಲ, ಊರೂರಿಗೆ ಹೋಗಿ ಮಂದಿಗೆ ತೋರಿಸಿದ್ದಕ್ಕೂ ಅಂಕವಿತ್ತು. ಹಾಗಾಗಿ ಶನಿವಾರ ಶನಿವಾರ ತಂಡ ಗಾಡಿ ಕಟ್ಟಿಕೊಂಡು ಹೊರಡುತ್ತಿತ್ತು, ದುಂಡವ್ವನನ್ನೂ ಕರೆದುಕೊಂಡು. ಮೊರಬದಲ್ಲಿ ಹೆಂಗಸರ ಸಂಘದ ಮುಂದೆ ಗಾಡಿ ಓಡಿಸಿದಾಗ, ಹಿಂದೆ ನಿಂತಿದ್ದ ಬಾಷಾಬಿ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದಳು. ಹಿಂದಕ್ಕೆ ಇಬ್ಬರೂ ಒಂದೇ ಹೊಲದಲ್ಲಿ ದುಡಿದವರು.

“ಯವ್ವಾ, ಇದು ದುಂಡವ್ವನ ದನಿ! ಎಲ್ಲಿ ಅಡಗಿ ಕುಂತಾಳಿಕಿ, ಡಬ್ಬ್ಯಾಗೇನು?”

“ಇಲ್ಲೇ ಕುರ್ಚಿ ಮ್ಯಾಲೆ ಅದೀನಿ ನೋಡು.”

“ಅಗದಿ ಸಾಹೇಬ್ರ ಆಗಿ ಬಿಡು. ನಾವು ಮಣ್ಣಾಗ ಕುಂತೇವಿ, ನಿನಗ ಕುರ್ಚಿ!” ಬಾಷಾಬಿ ಗಾಡಿ ಬಿಟ್ಟ ಸಾಲನ್ನು ಬಗ್ಗಿ ನೋಡಿದಳು. “ಇದು ಇಕಿ ಕೈ ಸಾಲ ನೋಡ್ರಿ. ನಾ ಗುರುತ ಹಿಡಿತೇನಿ.”

ಆ ದಿನ ಬಸ್ಸಿನಲ್ಲಿ ಊರಿಗೆ ಬರುವಾಗ ದುರ್ಗಾ ಅವಳ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ದುಂಡವ್ವ ಹೆಗಲು ಕದಲಿಸಲಿಲ್ಲ. ಊರು ಬರುವವರೆಗೂ.

ಜಿಲ್ಲೆಯ ಸ್ಪರ್ಧೆ ಧಾರವಾಡದಲ್ಲಿ, ದೀಪಾವಳಿ ಆದ ಮೇಲೆ. ಮಿಲಿಂದ ಸರ್ ದುಂಡವ್ವನನ್ನೂ ಕರೆದುಕೊಂಡು ಹೋಗಿ ಮೂರನೆಯ ಸಾಲಿನಲ್ಲಿ ಕೂಡಿಸಿದರು. ಅವಳು ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ವೇದಿಕೆಯ ಮೇಲೆ ಮಣ್ಣು ತುಂಬಿದ ಉದ್ದನೆಯ ತಟ್ಟೆ. ಅದರ ಮೇಲೆ ಗಾಡಿ ನೆಟ್ಟಗೆ ನಡೆಯಿತು. ಮೈಕಿನಲ್ಲಿ ಅವಳ ದನಿ ಸಭಾಂಗಣದ ತುಂಬ ಕೇಳಿತು: ಲಾಭ, ಎರಡು, ಮೂರು.

ಕನ್ನಡಕ ಹಾಕಿದ ತೀರ್ಪುಗಾರರೊಬ್ಬರು ಕೈ ಎತ್ತಿದರು. “ಒಂದು ಎಲ್ಲಿ ಹೋಯ್ತಮ್ಮ? ನಿಮ್ಮ ಮಷೀನು ಮೊದಲನೆಯದನ್ನೇ ಎಣಿಸೋದಿಲ್ಲವಲ್ಲ. ಲೆಕ್ಕದಲ್ಲೇ ತಪ್ಪಿದೆಯೋ?”

ದುರ್ಗಾ ಒಂದು ಗಳಿಗೆ ತಡವರಿಸಿದಳು. ಲಾಭ ಅಂದರೇನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು; ದುಂಡವ್ವನೇ ಹೇಳಿಕೊಟ್ಟಿದ್ದಳು. ಆದರೆ ಅಷ್ಟು ಮಂದಿಯ ಮುಂದೆ, ಅಂಕ ಹೋದೀತೆಂಬ ಹೆದರಿಕೆಯಲ್ಲಿ, ಬಾಯಿಗೆ ಬಂದದ್ದು ಬೇರೆ.

“ಅದು ಮಷೀನಿನ ತಪ್ಪಲ್ರಿ ಸರ್. ದನಿ ಕೊಟ್ಟಾಕಿ ಒಬ್ಬಾಕಿ ಅಜ್ಜಿ. ಆಕಿಗೆ ಎಣಿಸಾಕ ಬರೂದಿಲ್ರಿ.”

ಸಭೆಯೆಲ್ಲ ನಕ್ಕಿತು. ತೀರ್ಪುಗಾರರೂ ನಕ್ಕು, ತಲೆಯಾಡಿಸಿ, ಏನೋ ಬರೆದುಕೊಂಡರು. ದುಂಡವ್ವನ ಬಾಜು ಕುಳಿತಿದ್ದ ಯಾರೋ ಹೆಣ್ಣುಮಗಳೂ ನಕ್ಕಳು, ಆ ಅಜ್ಜಿ ಇವಳೇ ಎಂದು ಗೊತ್ತಿಲ್ಲದೆ.

ತಂಡಕ್ಕೆ ಮೊದಲ ಬಹುಮಾನ ಬಂತು. ದುರ್ಗಾ ಕೆಳಗೆ ಓಡಿ ಬಂದು ದುಂಡವ್ವನನ್ನು ಅಪ್ಪಿಕೊಂಡಳು. ದುಂಡವ್ವ ಅವಳ ಬೆನ್ನು ಸವರಿದಳು. ವೇದಿಕೆಯ ಮಾತು ಮೂರನೆಯ ಸಾಲಿಗೆ ಕೇಳಿತ್ತೆಂದು ಹುಡುಗಿಯ ತಲೆಗೆ ಬರಲೇ ಇಲ್ಲ. ಎರಡು ದಿನ ಬಿಟ್ಟು ಗಾಡಿಯಲ್ಲಿ ದುಂಡವ್ವನ ದನಿ ತೆಗೆದು ದುರ್ಗಾ ತನ್ನದೇ ದನಿ ಕೂಡಿಸಿದಳು. ಒಂದು, ಎರಡು, ಮೂರು. ಗೋಡೆಯ ಆಚೆಯಿಂದ ದುಂಡವ್ವ ಅದನ್ನು ಕೇಳಿದಳು. ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ಶನಿವಾರ ಕರೆಯಲು ಬಂದರೆ “ಮೊಣಕಾಲು ನೋಯ್ತಾವು” ಅಂದಳು.

ಒಂದು ಮಾತು ಅಂದುಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಏನೇ ಖೋಡಿ, ನನಗ ಎಣಿಸಾಕ ಬರೂದಿಲ್ಲೇನು, ಅಂದಿದ್ದರೆ ಹುಡುಗಿ ಅತ್ತು, ಕಾಲಿಗೆ ಬಿದ್ದು, ರೊಟ್ಟಿ ತಿಂದು ಹೋಗುತ್ತಿದ್ದಳು. ದುಂಡವ್ವ ಅನ್ನಲಿಲ್ಲ. ಒಳಗೇ ಇಟ್ಟುಕೊಂಡಳು. ಮೂವತ್ತೆರಡು ಹಿಂಗಾರಿ, ಎಷ್ಟೋ ಕಣ, ಎಷ್ಟೋ ಸೇರು, ಎಲ್ಲ ಅವಳ ಕಣ್ಣ ಮುಂದೆ ಬಂದವು. ಎಣಿಸಾಕ ಬರೂದಿಲ್ಲ.

ಬೆಂಗಳೂರಿನ ಸ್ಪರ್ಧೆ ಡಿಸೆಂಬರಿನಲ್ಲಿ. ಅಲ್ಲಿ ಬೀಜೋಪಚಾರಕ್ಕೂ, ಬಿತ್ತುವ ಮೊದಲು ಬೀಜಕ್ಕೆ ಔಷಧ ಹಚ್ಚುವುದಕ್ಕೂ, ಅಂಕವೆಂದು ತಿಳಿದು, ಹೊರಡುವ ದಿನ ಮುಂಜಾನೆ ದುರ್ಗಾ ಕಡಲೆಗೆ ಬೆಲ್ಲದ ನೀರು ಮತ್ತು ಕೃಷಿ ಕಚೇರಿಯಿಂದ ತಂದ ಕರಿ ಪುಡಿ ಕಲಸಿ ಹಚ್ಚಿದಳು. ಮೋಡ ಕವಿದ ದಿನ. ಮಿಲಿಂದ ಸರ್ ಟಿಕೀಟು, ಕಾಗದಪತ್ರ ಎಂದು ಓಡಾಡುತ್ತಿದ್ದರು. ಮೂರು ಗಂಟೆಗೆ ಹುಬ್ಬಳ್ಳಿಗೆ ಹೋಗುವ ಟೆಂಪೋ ಶಾಲೆಯ ಮುಂದೆ ಬಂದು ನಿಂತಿತು. ಊರ ಅರ್ಧ ಮಂದಿ ಕಳಿಸಲು ಬಂದಿದ್ದರು. ದುಂಡವ್ವನೂ ಬಂದಿದ್ದಳು, ದೂರಕ್ಕೆ ನಿಂತಿದ್ದಳು.

ದುರ್ಗಾ ಅವಳನ್ನು ಕಂಡು ಓಡಿ ಬಂದಳು. ಕೈಯಲ್ಲಿ ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲ, ಒಳಗೆ ಆ ಕಡಲೆ.

“ಆಯಿ, ಒಮ್ಮೆ ಮುಟ್ಟಿ ಕೊಡ ಬೇ. ನಿನ್ನ ಕೈ ಹತ್ತಲಿ.”

ದುಂಡವ್ವ ಚೀಲ ಹಿಡಿದಳು. ಹಿಡಿದಕೂಡಲೇ ಗೊತ್ತಾಯಿತು. ಚೀಲ ಬೆಚ್ಚಗಿತ್ತು. ಒಳಮೈ ಬೆವೆತಿತ್ತು. ಹಚ್ಚಿದ ಬೀಜವನ್ನು ನೆರಳಿಗೆ ತೆಳ್ಳಗೆ ಹರವಿ, ಕೈಗೆ ಹತ್ತದಂತೆ ಆರಿಸಿಯೇ ಕಟ್ಟಬೇಕು; ಹಸಿಯಾಗಿ ಕಟ್ಟಿದರೆ ಬೆಳಗಾಗುವುದರಲ್ಲಿ ಕಡಲೆ ಉಬ್ಬುತ್ತದೆ. ಉಬ್ಬಿದ ಕಾಳಿಗೆ ಆ ತಟ್ಟೆಯ ತೂತು ಸಾಲುವುದಿಲ್ಲ. ಆ ತೂತನ್ನು ಒಣಗಿದ ಕಾಳು ಇಟ್ಟು ಅಳೆದು ಕೊರೆದಾಗ ಅವಳೇ ಬಾಜು ಕುಳಿತಿದ್ದಳು. ಹೇಳಲು ಮೂರು ಮಾತು ಸಾಕಿತ್ತು: ಬಿಚ್ಚು, ಬಟ್ಟೆಯ ಮೇಲೆ ಹರವು, ಗಾಳಿಯಾಡಲಿ. ಟೆಂಪೋದಲ್ಲಿ ಕುಳಿತೇ ಆರಿಸಿಕೊಳ್ಳುತ್ತ ಹೋಗಬಹುದಿತ್ತು.

ಬಾಯಿ ತೆರೆದಳು. ಆಗ ಒಳಗಿನಿಂದ ಇನ್ನೊಂದು ಮಾತು ಎದ್ದು ಬಂತು: ಎಣಿಸಾಕ ಬಾರದಾಕಿ ನಾನು. ಇವರು ಕಲಿತವರು. ಇವರಿಗೆ ನಾನೇನು ಹೇಳಲಿ?

ಬಾಯಿ ಮುಚ್ಚಿದಳು. ಚೀಲ ತಿರುಗಿ ಕೊಟ್ಟಳು. ದುರ್ಗಾ ಬಗ್ಗಿದಾಗ ತಲೆಯ ಮೇಲೆ ಕೈ ಇಟ್ಟಳು. ಟೆಂಪೋ ಹೊರಟಿತು. ಅದು ಕೆರೆಯ ತಿರುವು ದಾಟುವವರೆಗೂ ಅವಳಿಗೆ ವೇಳೆ ಇತ್ತು, ಕೂಗಿದ್ದರೆ ನಿಲ್ಲುತ್ತಿತ್ತು. ಮನೆಗೆ ಬಂದ ಮೇಲೂ ಹನಮಪ್ಪನ ಕೈಯಿಂದ ಫೋನು ಮಾಡಿಸಬಹುದಿತ್ತು. ದೀಪ ಹಚ್ಚುವ ಹೊತ್ತಿಗೆ ಎದ್ದು ಅವನ ಬಾಗಿಲ ತನಕ ಹೋದಳು ಕೂಡ. ಅವನು ಟಿ.ವಿ. ನೋಡುತ್ತಿದ್ದ. “ಏನ ಆಯಿ?” ಅಂದ. “ಏನಿಲ್ಲ, ಹುಬ್ಬಳ್ಳಿ ಮುಟ್ಟಿದ್ರೇನು ಅಂತ,” ಅಂದು ತಿರುಗಿ ಬಂದಳು.

ಮೂರನೆಯ ದಿನ ಮಕ್ಕಳು ಬಂದರು. ಆದದ್ದನ್ನು ಹೇಳಿದವನು ಗೌಸ್.

“ಎಣಿಸಿದ್ದು ಅಗದಿ ಬರೋಬ್ಬರಿ, ಆಯಿ. ಒಂದು, ಎರಡು, ಮೂರು ಅಂತ ಹೇಳಿಕೋತ ಗಾಡಿ ಆ ಕಡೆ ತನಕ ಹೋತು. ತಿರುಗಿ ನೋಡಿದ್ರ ಸಾಲಿನ್ಯಾಗ ಒಂದು ಕಾಳಿಲ್ಲ. ಎಲ್ಲಾ ಉಬ್ಬಿ ತಟ್ಟಿಗೆ ಜಡದು ಕುಂತಿದ್ವು.”

ಹನಮಪ್ಪ ಬಯ್ಯಲಿಲ್ಲ. ಕೊಟ್ಟ ಮಾತಿನಂತೆ ನಡೆದ, ಅಷ್ಟೇ. ಜೂನಿನಲ್ಲಿ ನವಲಗುಂದದ ಕಾಲೇಜಿಗೆ ಹೆಸರು ಹಚ್ಚಿದ, ಕಲಾ ವಿಭಾಗ. ಮಿಲಿಂದ ಸರ್ ಎರಡು ಸಲ ಮನೆಗೆ ಬಂದು ಹೇಳಿ ನೋಡಿದರು. “ಮಾತು ಮಾತ್ರಿ ಸರ್. ಬೇಕಾರ ಆಯಿನ್ನ ಕೇಳ್ರಿ,” ಅಂದ. ಮಿಲಿಂದ ಸರ್ ದುಂಡವ್ವನ ಕಡೆ ನೋಡಿದರು. ಸಾಕ್ಷಿ ಅವಳು. “ಹೌದ್ರಿ, ಅಂದಿದ್ದ,” ಅಂದಳು. ತಪ್ಪು ಹುಡುಗಿಯದಲ್ಲ, ನನ್ನದು ಎಂದು ಹೇಳಲು ಅವಳಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ. ಅದನ್ನೂ ಕಳೆದುಕೊಂಡಳು.

ದುರ್ಗಾ ಮೊದಲಿನಂತೆಯೇ ಬರುತ್ತಿದ್ದಳು. ಮಧ್ಯಾಹ್ನದ ಬಸ್ಸಿಳಿದು, ಪುಸ್ತಕ ಕಟ್ಟೆಯ ಮೇಲೆ ಒಗೆದು, “ರೊಟ್ಟಿ ಕೊಡ ಬೇ,” ಅನ್ನುವಳು. ಒಂದು ದಿನ ತಾನಾಗಿಯೇ ಅಂದಳು: “ಕಾಳು ಹಸಿ ಇತ್ತೇನೋ ಅಂತ ನಂಗೂ ಸಂಶೇ ಬಂದಿತ್ತು ಆಯಿ. ಆದ್ರ ನೀ ಮುಟ್ಟಿ ನೋಡಿ ಏನೂ ಅನಲಿಲ್ಲ. ಆಯಿನ ಸುಮ್ಮಿದ್ದಾಳ ಅಂದ್ರ ಬರೋಬ್ಬರಿ ಐತಿ ಅಂದ್ಕೊಂಡು ಹ್ವಾದೆ.”

ಆ ದಿನದ ರೊಟ್ಟಿ ಹಂಚಿನ ಮೇಲೆ ಹೊತ್ತಿತು.

ಅದಾದ ಮೇಲೆ ದುಂಡವ್ವನಿಗೆ ಅನ್ನ ಸೇರಲಿಲ್ಲ. ಹೇಳಬೇಕು, ಹೇಳಬಾರದು ಎಂದು ನಾಲ್ಕು ತಿಂಗಳು ಒದ್ದಾಡಿದಳು. ಕೊನೆಗೆ ಒಂದು ರವಿವಾರ ಮುಂಜಾನೆ ಇಬ್ಬರೂ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಕಡಲೆ ಹಸನು ಮಾಡುತ್ತಿದ್ದಾಗ, ಮೊರದಿಂದ ಕಣ್ಣು ಎತ್ತದೆ ಹೇಳಿದಳು.

“ದುರ್ಗಿ, ಆ ಚೀಲ ಬೆವತಿತ್ತು. ನಂಗ ಗೊತ್ತಾಗಿತ್ತು.”

ದುರ್ಗಾಳ ಕೈ ನಿಂತಿತು. “ಗೊತ್ತಾಗಿ ಸುಮ್ಮಿದ್ದಿ?”

“ಸುಮ್ಮಿದ್ದೆ.”

“ಯಾಕ ಬೇ?”

“ಧಾರವಾಡದಾಗ ಅಷ್ಟು ಮಂದ್ಯಾಗ ನೀ ಅಂದಿ. ಆಕಿಗೆ ಎಣಿಸಾಕ ಬರೂದಿಲ್ಲ ಅಂತ.”

ದುರ್ಗಾ ನೆನಪು ಮಾಡಿಕೊಳ್ಳುವವಳಂತೆ ಅವಳ ಮುಖವನ್ನೇ ನೋಡಿದಳು. “ನಾ ಹಂಗ ಅಂದಿದ್ನೇನು?” ಅಂದಳು. ನಟನೆಯಲ್ಲ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಹೆದರಿದ ಹುಡುಗಿಯ ಬಾಯಿಂದ ಜಾರಿದ ಮಾತು, ಜಾರಿದ ಕೂಡಲೇ ಅವಳಿಗೆ ಮರೆತು ಹೋಗಿತ್ತು. ಅದನ್ನು ಹಗಲೆಲ್ಲ ಹೊತ್ತು ತಿರುಗಿದವಳು ದುಂಡವ್ವ ಒಬ್ಬಳೇ.

“ಅಂದಿದ್ದಿ.”

“ಅಂದಿದ್ರ ತಪ್ಪಾತು ಆಯಿ.” ಸಣ್ಣ ದನಿಯಲ್ಲಿ, “ಅದಕ್ಕ ಇಷ್ಟು ದೊಡ್ಡದು ಮಾಡ್ಬೇಕಿತ್ತೇನು ನೀ?” ಅಂದಳು.

ದುರ್ಗಾ ತನ್ನ ಪಾಲಿನ ಕಡಲೆ ಪೂರ್ತಿ ಹಸನು ಮಾಡಿದಳು. ಹರಳು ಆರಿಸಿ ಒಂದು ಕಡೆ ಇಟ್ಟಳು, ದುಂಡವ್ವನ ಸೀರೆಯ ಮೇಲೆ ಬಿದ್ದ ಹೊಟ್ಟು ಕೊಡವಿ ಕೊಟ್ಟಳು, ಎದ್ದು ಹೋದಳು. ರೊಟ್ಟಿ ತಿನ್ನಲಿಲ್ಲ.

ಈಗ ಮಿಲಿಂದ ಸರ್ ಹೊಸ ತಂಡ ಕಟ್ಟಿದ್ದಾರೆ. ಯಾರೂ ಕರೆಯದಿದ್ದರೂ ದುಂಡವ್ವ ಶನಿವಾರ ಶನಿವಾರ ಹೋಗಿ ಕೂರುತ್ತಾಳೆ. ಪ್ರತಿ ಚೀಲ ಮುಟ್ಟುತ್ತಾಳೆ, ಪ್ರತಿ ಕಾಳು ನೋಡುತ್ತಾಳೆ, ಹಸಿ ಐತಿ, ಸಣ್ಣದೈತಿ, ಆರಿಸು, ಹರವು ಎಂದು ಕೇಳಿದ್ದಕ್ಕೂ ಕೇಳದ್ದಕ್ಕೂ ಹೇಳುತ್ತಲೇ ಇರುತ್ತಾಳೆ. ಹುಡುಗರಿಗೆ ಬೇಸರ. “ಈ ಆಯಿ ಭಾಳ ಮಾತಾಡ್ತಾಳಲೇ,” ಅನ್ನುತ್ತಾರೆ. ಅವಳಿಗೆ ಕೇಳಿಸುತ್ತದೆ. ಕೇಳಿಸಿದರೂ ಹೇಳುತ್ತಾಳೆ.

ಕಟ್ಟೆಯ ಮೇಲೆ ಆ ಚೀಲದ ಮಾತು ಹೇಳಿದ ಮರುದಿನ, ಸೋಮವಾರ ಮುಂಜಾನೆ, ದುಂಡವ್ವ ಬಸ್ಸು ನಿಲ್ಲುವ ಕಡೆ ಹೋಗಿ ನಿಂತಿದ್ದಳು. ಸೆರಗಿನಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ದುರ್ಗಾ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ದುಂಡವ್ವನನ್ನು ಕಂಡು ಮುಖ ತಿರುವಲಿಲ್ಲ. ಒಳ್ಳೆಯ ಹುಡುಗಿ ಅವಳು. ಹತ್ತಿರ ಬಂದು ನಿಂತಳು, ರೊಟ್ಟಿ ಎರಡೂ ಕೈಯಲ್ಲಿ ಇಸಕೊಂಡಳು. ಆಮೇಲೆ, ಊರಿನ ಯಾವ ಹಿರಿಯರನ್ನು ಕಂಡರೂ ಮಾತಾಡಿಸುವಂತೆ, ಮಾತಾಡಿಸಿದಳು.

“ಆರಾಮ ಅದೀರೇನ್ರಿ?”

ಬಸ್ಸು ಬಂತು.